ಮೂರು ಸ್ಲಾಟಿನ ಮೋಟರು: ಅಕ್ಕಲಕೋಟದ ಒಂದು ಆಟಿಗಿ ಮತ್ತು ಅದರ ಆಕರಗಳು

ದನಿ ಸರಿಯಾಗಿ ಕೇಳಸ್ತಿದೆ ಅಂತ ಚಾಟ್‌ನಲ್ಲಿ ಬಂದಿದೆ, ಹಾಗಾಗಿ ಶುರು ಮಾಡ್ತೀನಿ. ಸ್ಕ್ರೀನಿನ ಮೇಲೆ ಈಗ ಕಾಣ್ತಿರೋದು ಎಣ್ಣೆ ಹತ್ತಿದ ಒಂದು ನೋಟ್‌ಬುಕ್ಕಿನ ಪುಟ. ಅದು ಸದ್ಯ ಹಾಗೇ ಇರಲಿ, ಅದರ ಮಾತಿಗೆ ಆಮೇಲೆ ಬರ್ತೀನಿ.

ಈ ಸರಣಿಗೆ ನಾನು ಮೊದಲು ಕೊಟ್ಟಿದ್ದ ವಿಷಯ ಎತ್ತಿನ ಗಾಡಿ ಶರ್ಯತ್ತು. ಅದು ಸುಲಭದ ವಿಷಯ ಅಲ್ಲದಿದ್ದರೂ ಅದಕ್ಕೆ ಕಾಗದಪತ್ರಗಳಿಗೆ ಬರವಿಲ್ಲ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜೊತೆಗೆ ಇದನ್ನೂ ನಿಷೇಧಿಸಿತು. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ಕಾನೂನು ತಿದ್ದಿತು. 2021ರ ಡಿಸೆಂಬರಿನಲ್ಲಿ ಶರತ್ತಿನ ಮೇಲೆ ಅನುಮತಿ ಸಿಕ್ಕಿತು, 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ತೀರ್ಪು, ಅಫಿಡವಿಟ್ಟು, ಪತ್ರಿಕೆಯ ಸುದ್ದಿ ಎಲ್ಲಾ ಇದೆ. ಇವುಗಳನ್ನು ಸಾಲಾಗಿ ಜೋಡಿಸಿದರೂ ಒಂದು ಪ್ರಬಂಧ ಆಗುತ್ತೆ.

ಆದರೆ 2023ರ ಡಿಸೆಂಬರಿನಲ್ಲಿ ಎಳ್ಳ ಅಮಾಸಿಗಿಂತ ಮುಂಚೆ ಅಕ್ಕಲಕೋಟದ ನಮ್ಮ ಮನೆಯ ಟ್ರಂಕು ತೆಗೆದಾಗ ಬೇರೊಂದು ಗಾಡಿ ಸಿಕ್ಕಿತು. ಅಂಗೈಯಗಲದ ಎರಡು ಪ್ಲಾಸ್ಟಿಕ್ ಕಾರು, ಕಪ್ಪು ಹಾದಿಯ ತುಂಡುಗಳು, ಒಂದು ಟ್ರಾನ್ಸ್‌ಫಾರ್ಮರು. ಸ್ಲಾಟ್ ಕಾರಿನ ಸೆಟ್ಟು. ಆ ಚಳಿಗಾಲ ಪೂರ್ತಿ ಅಪ್ಪ ಮತ್ತು ನಾನು ಅದರ ಹಿಂದೆ ಬಿದ್ದೆವು. ವಿಷಯ ಬದಲಿಸ್ತೀನಿ ಅಂತ ನನ್ನ ಮಾರ್ಗದರ್ಶಕರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅದಕ್ಕೆ ಆಕರ ಏನಿದೆ?" ಇವತ್ತಿನ ಈ ಮಂಡನೆ ಆ ಪ್ರಶ್ನೆಗೆ ನನ್ನ ಉತ್ತರ.

ಈ ಆಟ ನೋಡದವರಿಗಾಗಿ ಸ್ವಲ್ಪ ವಿವರಣೆ. ಹಾದಿಯ ನಡುವೆ ಒಂದು ಸೀಳು, ಅದರ ಎರಡೂ ಬದಿಗೆ ಲೋಹದ ಪಟ್ಟಿ ಇರುತ್ತೆ. ಕಾರಿನ ಮೂತಿಯ ಕೆಳಗಿರುವ ಸಣ್ಣ ನಾಲಿಗೆ ಆ ಸೀಳಿನಲ್ಲಿ ಇಳಿಯುತ್ತೆ, ನಾಲಿಗೆಯ ಆಚೀಚೆಯ ತಾಮ್ರದ ಹೆಣಿಗೆ ಪಟ್ಟಿಗೆ ತಾಗಿ ಕರೆಂಟು ಎಳೆದುಕೊಳ್ಳುತ್ತೆ. ಸಾಮಾನ್ಯವಾಗಿ 12 ವೋಲ್ಟು. ಆಡುವವರ ಕೈಯಲ್ಲಿ ಒಂದು ಒತ್ತುಗುಂಡಿ, ಅದರೊಳಗೆ ರೆಸಿಸ್ಟೆನ್ಸು. ಒತ್ತಿದಷ್ಟು ವೇಗ. ತಿರುಗಿಸಲಿಕ್ಕೆ ಬರೋದಿಲ್ಲ, ಹಾದಿ ಹೋದ ಕಡೆ ಗಾಡಿ ಹೋಗುತ್ತೆ. ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು ಅನ್ನೋದಷ್ಟೇ ಆಟ. ತಿರುವಿನಲ್ಲಿ ಆಸೆ ಜಾಸ್ತಿಯಾದರೆ ಕಾರು ಸೀಳಿನಿಂದ ಹಾರಿ ಗೋಡೆಗೆ ಬಡಿಯುತ್ತೆ. ಗಾಡಿಯ ಗಾಲಿ ಓಡಿ ಓಡಿ ಬಿದ್ದ ಜಾಡಿಗೆ ಮರಾಠಿಯಲ್ಲಿ ಚಾಕೋರಿ ಅಂತಾರೆ. ನಮ್ಮೂರಲ್ಲಿ ಎರಡೂ ಭಾಷೆಯವರಿಗೆ ಗೊತ್ತಿರೋ ಮಾತದು. ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಬಿದ್ದ ಜಾಡು ಚಳಿಗಾಲಕ್ಕೆ ಕಲ್ಲಿನಂತೆ ಗಟ್ಟಿಯಾಗುತ್ತೆ. ಹಳೇ ಕಣಿಕಿಯ ದಂಟು ಸೀಳಿ, ಅದರ ಬೆಂಡಿಗೆ ಸಿಬರು ಚುಚ್ಚಿ ಮಾಡಿದ ಬಂಡಿಯನ್ನು ನಾವು ಹುಡುಗರು ಆ ಜಾಡಿನಲ್ಲೇ ಎಳೆದು ಓಡಿಸ್ತಿದ್ದೆವು. ಆದ್ದರಿಂದ 'ಹಾದಿ ಬಿಟ್ಟು ಹೋಗಬಾರದ ಗಾಡಿ' ನಮಗೆ ಹೊಸದಾಗಿರಲಿಲ್ಲ.

ಹೊರಗಿನ ಚರಿತ್ರೆಯನ್ನು ಬೇಗ ಮುಗಿಸ್ತೀನಿ, ಯಾಕಂದ್ರೆ ಅದನ್ನು ಬಹಳ ಜನ ಬರೆದಿದ್ದಾರೆ. ಅಮೆರಿಕದ ಲಯನೆಲ್ ಕಂಪನಿ 1912ರಲ್ಲೇ ಕರೆಂಟಿನಿಂದ ಓಡುವ ಆಟಿಕೆ ಕಾರುಗಳನ್ನು ಮಾರಿತ್ತು, ಕೆಲವೇ ವರ್ಷಕ್ಕೆ ನಿಲ್ಲಿಸಿತು. ಇಂಗ್ಲೆಂಡಿನ ಹ್ಯಾವಂಟ್‌ನಲ್ಲಿ ಮಿನಿಮಾಡೆಲ್ಸ್ ಕಂಪನಿ ನಡೆಸುತ್ತಿದ್ದ ಫ್ರೆಡ್ ಫ್ರಾನ್ಸಿಸ್ 1952ರ ಸುಮಾರಿಗೆ ಸ್ಕೇಲೆಕ್ಸ್ ಹೆಸರಿನ ಕೀಲಿ ಕಾರು ತಂದ. ಅದಕ್ಕೆ ಮೋಟರು ಕೂಡಿಸಿ 1957ರ ಜನವರಿಯಲ್ಲಿ ಹ್ಯಾರೊಗೇಟ್‌ನ ಆಟಿಕೆ ಮೇಳದಲ್ಲಿ ಸ್ಕೇಲೆಕ್ಸ್‌ಟ್ರಿಕ್ ತೋರಿಸಿದ. ಬೇಡಿಕೆ ಎಷ್ಟಾಯಿತೆಂದರೆ ಸಣ್ಣ ಕಂಪನಿಗೆ ತಾಳಲಾಗಲಿಲ್ಲ, 1958ರಲ್ಲಿ ಅದನ್ನು ಲೈನ್ಸ್ ಬ್ರದರ್ಸ್‌ಗೆ ಮಾರಿಬಿಟ್ಟ. ಅಮೆರಿಕದಲ್ಲಿ ಅರೋರಾ ಕಂಪನಿಯ ಇನ್ನೂ ಸಣ್ಣ ಕಾರುಗಳು 1960ರಿಂದ ಬಂದವು. 60ರ ದಶಕದ ನಡುವೆ ಹುಚ್ಚಿನಂತೆ ಏರಿದ ಈ ಆಟ ದಶಕ ಮುಗಿಯೋದರೊಳಗೆ ಇಳಿಯಿತು. ಲೈನ್ಸ್ ಬ್ರದರ್ಸ್ 1971ರಲ್ಲಿ ಮುಳುಗಿತು. ಬ್ರ್ಯಾಂಡು ಉಳಿದುಕೊಂಡಿತು, ಆಮೇಲೆ ಹಾರ್ನ್‌ಬಿ ಕೈಗೆ ಬಂತು.

ಆ ಬರಹಗಳಲ್ಲೆಲ್ಲ ಇದು ಚಳಿಗಾಲದ ಹವ್ಯಾಸ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೇ ಹೊತ್ತು ಮುಳುಗುತ್ತೆ, ಕ್ರಿಸ್‌ಮಸ್‌ಗೆ ಮಕ್ಕಳಿಗೆ ಡಬ್ಬಿ ಬರುತ್ತೆ, ಮನೆಯೊಳಗೆ ಹಾದಿ ಜೋಡಿಸ್ತಾರೆ. ನಡುವಯಸ್ಸಿಗೆ ಬಂದ ಮೇಲೆ ಅಟ್ಟದಿಂದ ಅದೇ ಡಬ್ಬಿ ಇಳಿಸಿ 'ಮತ್ತೆ ಕಂಡುಕೊಂಡೆ' ಅಂತ ಬರೀತಾರೆ. ಆದರೆ ನಮ್ಮ ಚಳಿಗಾಲ ಮನೆಯೊಳಗೆ ಕೂರೋ ಕಾಲ ಅಲ್ಲ. ಸೊಲ್ಲಾಪುರ ಭಾಗದಲ್ಲಿ ಮಧ್ಯಾಹ್ನ ಹೊರಗೆ ತಿರುಗಾಡಬಹುದಾದ ತಿಂಗಳುಗಳೇ ಅವು. ಸೀತನಿ ಸುಡೋದು, ಎಳ್ಳ ಅಮಾಸಿಗೆ ಹೊಲದಾಗ ಚರಗ ಚೆಲ್ಲೋದು, ಸಂಕ್ರಾಂತಿಗೆ ಸಿದ್ಧರಾಮೇಶ್ವರನ ನಂದಿಕೋಲು, ಅದರ ಜೊತೆ ಹೋಮ ಮೈದಾನದ ಗಡ್ಡಾ ಜಾತ್ರೆ. ಒಳಗೆ ಕೂತು ಆಡೋ ಆಟ ನಮಗೆ ಬೇಕಾಗಿದ್ದು ಏಪ್ರಿಲ್ ಮೇ ಬಿಸಿಲಿಗೆ. ಹಾಗಾದರೆ ಈ ಸೆಟ್ಟಿಗೆ ನಮ್ಮಲ್ಲಿ ಚಳಿಗಾಲದ ಸಂಬಂಧ ಎಲ್ಲಿಂದ ಬಂತು? ಸಂಬಂಧ ಇದೆ. ಆದರೆ ಅದು ಆಡೋದರಲ್ಲಿಲ್ಲ, ಕೆಡೋದರಲ್ಲಿದೆ.

ಸೆಟ್ಟು ಮನೆಗೆ ಬಂದಿದ್ದು 1988ರಲ್ಲಿ. ತಂದವರು ಕುವೈತಿನಲ್ಲಿದ್ದ ನಮ್ಮ ಸೋದರಮಾವ. ಆಗ ಇಂಥ ಸಾಮಾನು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಗ್ರಾಹಕ ವಸ್ತುಗಳ ಆಮದಿಗೆ ಪರವಾನಗಿಯ ಬಿಗಿ ಇತ್ತು, ಅದರ ಕೊನೆಯ ಗಂಟು ಬಿಚ್ಚಿದ್ದು 2001ರ ಏಪ್ರಿಲ್ 1ಕ್ಕೆ. ಅಲ್ಲಿವರೆಗೆ ಸ್ಲಾಟ್ ಕಾರು ಬರಬೇಕಾದರೆ ಯಾರದಾದರೂ ಸೂಟ್‌ಕೇಸಿನಲ್ಲೇ ಬರಬೇಕು. ಹಾಂಗ್‌ಕಾಂಗ್‌ನಲ್ಲಿ ಮಾಡಿದ್ದು ಅಂತ ಡಬ್ಬಿಯ ಮೇಲಿದೆ. ಅಂದರೆ ಇಂಗ್ಲೆಂಡಿನ ಆಟ ಹಾಂಗ್‌ಕಾಂಗಿನಲ್ಲಿ ತಯಾರಾಗಿ, ಕುವೈತಿನ ಅಂಗಡಿಯಲ್ಲಿ ಮಾರಾಟವಾಗಿ, ಮುಂಬೈ ವಿಮಾನ ನಿಲ್ದಾಣದಿಂದ ರೈಲು ಹತ್ತಿ ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ಇಳೀತು. ಮಾಮಾ ಮುಂದಿನ ಸಲ ಹೆಚ್ಚಿನ ಹಾದಿ ತರ್ತೀನಿ ಅಂದಿದ್ದರು. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿನೊಳಗೆ ನುಗ್ಗಿತು. ಅಮ್ಮಾನ್ ದಾರಿಯಾಗಿ ಏರ್ ಇಂಡಿಯಾ ಕರೆತಂದ ಲಕ್ಷಕ್ಕೂ ಮಿಕ್ಕಿದ ಜನರಲ್ಲಿ ಮಾಮಾನೂ ಒಬ್ಬರು. ಕೈಯಲ್ಲಿ ಒಂದು ಚೀಲ ಇತ್ತು. ಬಿಡಿಭಾಗದ ದಾರಿ ಅಲ್ಲಿಗೆ ಮುಚ್ಚಿತು.

ಈಗ ನೋಟ್‌ಬುಕ್ಕಿಗೆ ಬರೋಣ.

ಅಪ್ಪನದು ಅಕ್ಕಲಕೋಟದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇತ್ತು. ಸುಟ್ಟ ಪಂಪ್‌ಸೆಟ್ಟಿನ ತಾಮ್ರ ಬಿಚ್ಚಿ ಹೊಸ ಕಾಯಿಲು ಕಟ್ಟೋದು. ಈ ಕಸಬಿಗೂ ಹಂಗಾಮು ಇದೆ. ಹಿಂಗಾರಿ ಬೆಳೆಗೆ, ಕಬ್ಬಿಗೆ, ಗೋಧಿಗೆ ನೀರು ಬಿಡೋ ನವೆಂಬರಿನಿಂದ ಫೆಬ್ರುವರಿವರೆಗೆ ಮೋಟರು ಹಗಲು ರಾತ್ರಿ ಓಡ್ತಾವೆ. ಮೂರು ಫೇಸಿನಲ್ಲಿ ಒಂದು ಹೋದರೂ ಮೋಟರು ನಿಲ್ಲದೆ ಉಳಿದೆರಡರ ಮೇಲೆ ಏದುಸಿರು ಬಿಡುತ್ತಾ ಓಡುತ್ತೆ, ಕಾಯಿಲು ಕಾದು ಸುಟ್ಟುಹೋಗುತ್ತೆ. ಡಿಸೆಂಬರಿನಲ್ಲಿ ನಮ್ಮ ಅಂಗಡಿ ಮುಂದೆ ಎತ್ತಿನ ಗಾಡಿ, ಟೆಂಪೋ ಸಾಲು ನಿಂತಿರುತ್ತಿತ್ತು, ಮನೆತನಕ ಸುಟ್ಟ ವಾರ್ನಿಷ್ ವಾಸನೆ ಬರುತ್ತಿತ್ತು. ನನಗೆ ಇವತ್ತಿಗೂ ಚಳಿಗಾಲ ಅಂದರೆ ಆ ವಾಸನೆ.

ವೈಂಡಿಂಗ್ ಮಾಡೋರು ಪ್ರತಿ ಮೋಟರಿನ ಲೆಕ್ಕ ಬರೆದಿಡ್ತಾರೆ. ಬಿಚ್ಚುವಾಗ ಎಣಿಸಿಕೊಳ್ಳದಿದ್ದರೆ ಮತ್ತೆ ಕಟ್ಟಲಿಕ್ಕೆ ಬರೋದಿಲ್ಲ. ಸ್ಕ್ರೀನಿನ ಮೇಲಿನ ಪುಟ ನೋಡ್ರಿ. ಎಡಗಡೆ ತಾರೀಖು, ಊರು, ಎಷ್ಟು ಎಚ್‌ಪಿ. ಆಮೇಲೆ ಸ್ಲಾಟ್, ಪಿಚ್, ಟರ್ನ್ಸ್, ಗೇಜ್, ಕೊನೆಗೆ ಹಣ. ಅಂಕಿಗಳು ಮರಾಠಿ ಶಾಲೆಯಲ್ಲಿ ಕಲಿತವು, ಊರಿನ ಹೆಸರು ಕನ್ನಡದಲ್ಲಿ, ಕಸಬಿನ ಮಾತೆಲ್ಲಾ ಇಂಗ್ಲಿಷಿನವು, ಆದರೆ ಬರೆದಿದ್ದು ಕನ್ನಡ ಲಿಪಿಯಲ್ಲಿ. ಗಡಿನಾಡಿನ ಭಾಷೆಯ ಬಗ್ಗೆ ಆಯೋಗಗಳು ಬರೆದ ಪುಟಗಳಿಗಿಂತ ಈ ಒಂದು ಪುಟ ಹೆಚ್ಚು ಹೇಳುತ್ತೆ ಅಂತ ನನ್ನ ಅಭಿಪ್ರಾಯ. ಆದರೆ ಅದು ಬೇರೆ ಪ್ರಬಂಧದ ಮಾತು.

ಇಲ್ಲಿ 'ಸ್ಲಾಟ್' ಅಂದರೆ ಹಾದಿಯ ಸೀಳಲ್ಲ. ಮೋಟರಿನ ಕಬ್ಬಿಣದಲ್ಲಿ ಕಾಯಿಲು ಕೂಡಿಸಲಿಕ್ಕೆ ಇರೋ ಗಾಡಿಗಳು. ಟ್ರಂಕಿನಿಂದ ಸೆಟ್ಟು ತೆಗೆದು "ಅಪ್ಪಾ, ಇದಕ್ಕ ಸ್ಲಾಟ್ ಕಾರು ಅಂತಾರ" ಅಂದಾಗ ಅವರು ಕೇಳಿದ್ದು, "ಎಷ್ಟ ಸ್ಲಾಟಿಂದದವ್ವಾ?" ನಾನು ನಕ್ಕೆ. ಅವರು ನಗಲಿಲ್ಲ. "ಮೂರ ಇರಬೇಕು. ಬರದಿಟ್ಟೀನಿ ನೋಡು" ಅಂದರು.

ಮೂರು. ಆ ಒಂದು ಅಂಕಿಯಿಂದ ನನಗೆ ಹುಡುಕೋ ದಾರಿ ಸಿಕ್ಕಿತು. ರೈತರ ಪಂಪಿನ ಮೋಟರಿಗೆ 24 ಸ್ಲಾಟು, 36 ಸ್ಲಾಟು ಹೀಗೆ ಇರುತ್ತೆ. ಮೂರು ಸ್ಲಾಟಿನ ಪಂಪು ಅಂತ ಇಲ್ಲ. ಆಟಿಕೆಯ ಸಣ್ಣ ಡಿ.ಸಿ. ಮೋಟರಿನ ಆರ್ಮೇಚರಿಗೆ ಮಾತ್ರ ಮೂರು ಹಲ್ಲು, ನಡುವೆ ಮೂರು ಸ್ಲಾಟು. ಹಾಗಾಗಿ ಇದ್ದ ನೋಟ್‌ಬುಕ್ಕುಗಳಲ್ಲಿ ಸ್ಲಾಟಿನ ಕಾಲಮ್ಮಿನ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಇಳಿಯುತ್ತಾ ಹೋದೆ. 1989ರ ಮಾರ್ಚಿನಲ್ಲಿ, ಎರಡು ಐದು ಎಚ್‌ಪಿ ಮೋಟರುಗಳ ನಡುವೆ, ಒಂದು ಸಾಲು: 'ಮನಿ. ಆಟಿಗಿ ಗಾಡಿ. ಸ್ಲಾಟ್ 3. ಟರ್ನ್ಸ್ 180. ಗೇಜ್ 40.' ಹಣದ ಕಾಲಂ ಖಾಲಿ.

ಮಾರ್ಚು ಯಾಕೆ? ಗಾಡಿ ಕೆಟ್ಟಿದ್ದು ಸಂಕ್ರಾಂತಿಯ ಆಸುಪಾಸಿಗೆ, ಅದು ನನಗೆ ಚೆನ್ನಾಗಿ ನೆನಪಿದೆ. ಆ ಎರಡು ತಿಂಗಳು ಆರ್ಮೇಚರು ಅಂಗಡಿಯ ಮೊಳೆಗೆ ನೇತಾಡ್ತಿತ್ತು. ಹಂಗಾಮು ಮುಗಿಯೋವರೆಗೆ ರೈತನ ಮೋಟರು ಮೊದಲು, ಮಗಳ ಗಾಡಿ ಆಮೇಲೆ. ಯಾಕೆ ಕೆಟ್ಟಿತು ಅನ್ನೋದಕ್ಕೂ ಚಳಿಗಾಲವೇ ಕಾರಣ. ಶಹಾಬಾದಿ ಕಲ್ಲಿನ ನೆಲ ತಣ್ಣಗೆ ಕೊರೆಯುತ್ತೆ ಅಂತ ಅವ್ವ ಕೆಳಗೆ ಸೊಲ್ಲಾಪುರ ಚಾದರ ಹಾಸಿ ಅದರ ಮೇಲೆ ಹಾದಿ ಜೋಡಿಸಲಿಕ್ಕೆ ಹೇಳಿದ್ದರು. ಚಾದರದ ನೂಲು ಹಿಂದಿನ ಗಾಲಿಯ ಅಚ್ಚಿಗೆ ಸುತ್ತಿಕೊಂಡು ಗಾಲಿ ಹಿಡಿದುಬಿಡುತ್ತೆ. ಹುಡುಗರು ಗುಂಡಿ ಬಿಡೋದಿಲ್ಲ. ತಿರುಗದ ಮೋಟರಿನಲ್ಲಿ ಕರೆಂಟು ಮಿತಿ ಮೀರಿ ಹರಿದು ಕಾಯಿಲು ಸುಡುತ್ತೆ. ರೈತನ ಪಂಪಿಗೆ ಆಗಿದ್ದೂ ಹೆಚ್ಚೂಕಡಿಮೆ ಇದೇ. ಅಪ್ಪನಿಗೆ ಎರಡೂ ಒಂದೇ ರೋಗ.

40 ಗೇಜಿನ ತಂತಿ ನಮ್ಮ ಅಂಗಡಿಯಲ್ಲಿ ಇರುತ್ತಿರಲಿಲ್ಲ, ಪಂಪಿಗೆ ಬೇಕಾಗೋದು ದಪ್ಪ ತಂತಿ. ಹಳೇ ರೇಡಿಯೋದ ಟ್ರಾನ್ಸ್‌ಫಾರ್ಮರು ಬಿಚ್ಚಿ, ಕೂದಲಿನಂಥ ಆ ತಂತಿಯನ್ನ ತುಂಡಾಗದಂತೆ ಬೇರೆ ರೀಲಿಗೆ ಸುತ್ತಿಕೊಂಡು, ಒಂದೊಂದು ಹಲ್ಲಿಗೆ 180 ಸುತ್ತು ಸುತ್ತಿ ಕಟ್ಟಿದ್ದರು. ಕಟ್ಟಿದ ಮೇಲೆ ಅದು ಇನ್ನೊಂದು ಕಾರಿಗಿಂತ ಸ್ವಲ್ಪ ನಿಧಾನ ಆಯಿತು, ಆದರೆ ತಿರುವಿನಲ್ಲಿ ಹಾರೋದು ಕಡಿಮೆಯಾಗಿ ಗೆಲ್ಲಲಿಕ್ಕೆ ಹತ್ತಿತು. ಅಣ್ಣ ಆ ಕಾರನ್ನ ಯಾರಿಗೂ ಕೊಡ್ತಿರಲಿಲ್ಲ.

ನನ್ನ ಪಾತ್ರವನ್ನೂ ಹೇಳಿಬಿಡ್ತೀನಿ. ವಿದೇಶದ ಕ್ಲಬ್ಬುಗಳಲ್ಲಿ ಹಾರಿಬಿದ್ದ ಕಾರನ್ನು ಎತ್ತಿ ಸೀಳಿನಲ್ಲಿ ಕೂಡಿಸೋರಿಗೆ ಮಾರ್ಷಲ್ ಅಂತಾರೆ, ಆಡುವವರೇ ಸರದಿಯ ಮೇಲೆ ಆ ಕೆಲಸ ಮಾಡ್ತಾರೆ. ನಮ್ಮ ಮನೆಯಲ್ಲಿ ಸರದಿ ಇರಲಿಲ್ಲ. ಅಣ್ಣ ಮತ್ತು ಕಾಕಾನ ಹುಡುಗರು ಆಡೋರು, ಮೂಲೆಯಲ್ಲಿ ಕೂತು ಗಾಡಿ ಹಚ್ಚೋಳು ನಾನು. ನನ್ನ ಕೈಗೆ ಗುಂಡಿ ಬಂದಿದ್ದು 2023ರಲ್ಲೇ. ಹೀಗಾಗಿ ನನ್ನ ಮಟ್ಟಿಗೆ 'ಮರುಶೋಧ' ಅನ್ನೋ ಪದ ಅಷ್ಟು ಸರಿಯಾಗಿ ಕೂಡೋದಿಲ್ಲ. ಹವ್ಯಾಸದ ಚರಿತ್ರೆ ಬರೆಯೋರು ಸಾಮಾನ್ಯವಾಗಿ ಗುಂಡಿ ಹಿಡಿದವರ ನೆನಪಿನಿಂದ ಶುರು ಮಾಡ್ತಾರೆ, ಎತ್ತಿ ಹಚ್ಚಿದವರು, ಕಾಯಿಲು ಕಟ್ಟಿದವರು ಅದರಲ್ಲಿ ಬರೋದಿಲ್ಲ.

ನೋಟ್‌ಬುಕ್ಕಿನಲ್ಲಿ ಮೂರು ಸ್ಲಾಟಿನ ಇನ್ನೆರಡು ಸಾಲು ಸಿಕ್ಕವು. ಒಂದು 1990, ದುಧನಿ. ಇನ್ನೊಂದು 1991, ಸೊಲ್ಲಾಪುರ. ಎರಡಕ್ಕೂ ಹಣ ಬರೆದಿದೆ, ಸಣ್ಣ ಮೊತ್ತ. ಎರಡರ ಮುಂದೆಯೂ 'ಆಟಿಗಿ ಗಾಡಿ' ಅಂತಲೇ ಇದೆ. ಅವು ಸ್ಲಾಟ್ ಕಾರೇ ಆಗಿರಬೇಕು ಅಂತ ನಾನು ಹೇಳೋದಿಲ್ಲ. ಆಟಿಗಿ ರೈಲಿನ ಮೋಟರಿಗೂ ಮೂರೇ ಸ್ಲಾಟು. ಆದರೆ ದುಧನಿಯದರ ಮುಂದೆ ಬ್ರಾಕೆಟ್ಟಿನಲ್ಲಿ 'ನೂಲು' ಅಂತ ಬರೆದಿದ್ದಾರೆ. ಅಂದರೆ ಅಲ್ಲೂ ಯಾರೋ ಚಾದರ ಹಾಸಿದ್ದರು.

ಈಗ ಕಳೆದ ಚಳಿಗಾಲದ ಮಾತು, ಇಲ್ಲಿ ನನಗೇ ಸ್ವಲ್ಪ ಕಷ್ಟ ಇದೆ. ಜನವರಿಯಲ್ಲಿ ಅಣ್ಣನ ಮಗ ಬಂದಿದ್ದ. ಮೂವರೂ ಕೂತು ಆಡುತ್ತಿದ್ದೆವು, ಅಪ್ಪ ಕಟ್ಟಿದ ಆ ಕಾರೇ ಮತ್ತೆ ಸುಟ್ಟಿತು. ಮೂವತ್ತನಾಲ್ಕು ವರ್ಷದ ವಾರ್ನಿಷು, ತಡೆಯಲಿಲ್ಲ. ಅಪ್ಪ ತಕ್ಷಣ ಬಿಚ್ಚು ಅಂದರು. ನಾನು ಬೇಡ ಅಂದೆ. ಅವರ ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಯಿತು, ಅವರು ಕಟ್ಟಿದ ನೂರಾರು ಮೋಟರುಗಳೆಲ್ಲ ಗುಜರಿಗೆ ಹೋಗಿವೆ. ಕೈಯಿಂದ ಕಟ್ಟಿದ್ದು ಅಂತ ಉಳಿದಿರೋದು ಈ ಕಡಲೆಕಾಳಿನಷ್ಟು ತಾಮ್ರ. ಸಂಗ್ರಾಹಕರ ಲೆಕ್ಕದಲ್ಲಿ ಇದಕ್ಕೆ ಬೆಲೆ ಇಲ್ಲ, ಯಾಕಂದ್ರೆ ಮೋಟರು 'ಒರಿಜಿನಲ್' ಅಲ್ಲ. ನನಗೆ ಮಾತ್ರ ಇದೇ ಒರಿಜಿನಲ್. ನೋಟ್‌ಬುಕ್ಕಿನ ಸಾಲಿಗೆ ಜೋಡಿಯಾಗಿರೋ ವಸ್ತು ಇದೊಂದೇ. ಬಿಚ್ಚಿದರೆ ಆಕರ ಹೋಯಿತು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಕೇಳಿ, "ಸುಟ್ಟ ತಂತಿ ಇಟಗೊಂಡು ಪೂಜಿ ಮಾಡ್ತಿಯೇನವ್ವಾ?" ಅಂದರು. ಆಮೇಲೆ ಎರಡು ದಿನ ಇಬ್ಬರೂ ಆ ಮಾತು ಎತ್ತಲಿಲ್ಲ. ಮೂರನೇ ದಿನ ಅವರೇ ನೋಟ್‌ಬುಕ್ಕು ತೆಗೆದುಕೊಂಡು ಬಂದು, "ನನಗ ಈಗ 40 ಗೇಜು ಕಾಣೂದಿಲ್ಲ. ನೀ ಸುತ್ತು, ನಾ ಎಣಸ್ತೀನಿ" ಅಂದರು. ಕಣ್ಣಿನ ಆಪರೇಶನ್ ಆದಮೇಲೆ ಅವರು ಸಣ್ಣ ಕೆಲಸ ಬಿಟ್ಟಿದ್ದರು, ಅದು ನನಗೆ ಗೊತ್ತಿತ್ತು. ಆದರೆ ಹಾಗಂತ ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ನಾನು ಬಿಚ್ಚಿದೆ. ಬಿಚ್ಚುವಾಗ ಎಣಿಸಿದೆ. ಒಂದು ಹಲ್ಲಿಗೆ 180, ಇನ್ನೊಂದಕ್ಕೆ 180, ಮೂರನೆಯದಕ್ಕೆ 176. ಹೇಳಿದಾಗ ಅಪ್ಪನ ಮುಖ ನೋಡಬೇಕಿತ್ತು. "ಅವತ್ತ ಯಾರೋ ಗಿರಾಕಿ ಬಂದಿರಬೇಕು" ಅಂದರು. ಬಿಚ್ಚದೆ ಇಟ್ಟಿದ್ದರೆ ಈ ನಾಲ್ಕು ಸುತ್ತಿನ ವಿಷಯ ಯಾವ ಆಕರದಲ್ಲೂ ಸಿಗುತ್ತಿರಲಿಲ್ಲ.

ಗಡ್ಡಾ ಜಾತ್ರೆಯ ಬಗ್ಗೆ ಒಂದು ಮಾತು ಹೇಳಿ ಮುಗಿಸ್ತೀನಿ. 2001ರ ನಂತರ ಹೋಮ ಮೈದಾನದ ಆಟಿಗಿ ಅಂಗಡಿಗಳಲ್ಲಿ ಸೆಲ್ಲಿನ ಮೇಲೆ ಓಡೋ ಚೀನಾ ಹಾದಿಸೆಟ್ಟುಗಳು ಬರತೊಡಗಿದವು. ಕಾರು ತಾನೇ ಸುತ್ತುತ್ತೆ, ಕೈಯಲ್ಲಿ ಗುಂಡಿ ಇಲ್ಲ. 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ ಆಯಿತು. ಈ ಜನವರಿ ಜಾತ್ರೆಯಲ್ಲಿ ಅಂಥ ಒಂದು ಸೆಟ್ಟಿನ ಮೋಟರು ತಂದು ಬಿಚ್ಚಿ ನೋಡಿದೆವು. ಮೂರು ಸ್ಲಾಟು. ಕವಚ ಮಾತ್ರ ಒತ್ತಿ ಮಡಚಿದ್ದು, ಒಮ್ಮೆ ತೆಗೆದರೆ ಮತ್ತೆ ಕೂಡೋದಿಲ್ಲ. "ಇದು ಕಟ್ಟಾಕ ಮಾಡಿದ್ದಲ್ಲ" ಅಂತ ಅಪ್ಪ ಪಕ್ಕಕ್ಕಿಟ್ಟರು.

ಚರ್ಚೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಪ್ರಶ್ನೆ: ಮೂರು ಸಾಲುಗಳ ಮೇಲೆ ಒಂದು ಹವ್ಯಾಸದ ಚರಿತ್ರೆ ಕಟ್ಟಬಹುದೇ? ಅದರಲ್ಲೂ ಮುಖ್ಯ ಆಕರವನ್ನು ನೀವೇ ಬದಲಿಸಿದ್ದೀರಿ.

ಸೊಲ್ಲಾಪುರದಲ್ಲಿ ಸ್ಲಾಟ್ ಕಾರಿನ ಹವ್ಯಾಸ ಇತ್ತು ಅಂತ ನಾನು ಹೇಳ್ತಿಲ್ಲ ಸರ್. ಕ್ಲಬ್ಬಿರಲಿಲ್ಲ, ಅಂಗಡಿ ಇರಲಿಲ್ಲ. ಬಂದ ಕೆಲವೇ ಸೆಟ್ಟುಗಳು ಹೇಗೆ ಬದುಕಿದವು ಅಂತ ಮಾತ್ರ ಹೇಳ್ತಿದ್ದೀನಿ, ಅದಕ್ಕೆ ಮೂರು ಸಾಲು ಕಡಿಮೆಯೇನಲ್ಲ. ಬದಲಿಸಿದ್ದು ನಿಜ. ಹಳೇ ತಂತಿಯನ್ನ ಮೂರು ಪೊಟ್ಟಣ ಮಾಡಿ ಬೇರೆ ಬೇರೆ ಇಟ್ಟಿದ್ದೀನಿ, ಬಿಚ್ಚುವಾಗಿನ ಎಣಿಕೆ ಬರೆದಿದ್ದೀನಿ. ಹೊಸ ವೈಂಡಿಂಗಿನ ಸಾಲನ್ನೂ ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನನ್ನ ಅಕ್ಷರದಲ್ಲಿ, ತಾರೀಖು ಹಾಕಿ ಬರೆದಿದ್ದೀನಿ. ಮುಂದೆ ನೋಡೋರಿಗೆ ಯಾರ ಕೈ ಎಲ್ಲಿದೆ ಅಂತ ಗೊತ್ತಾಗಬೇಕು.

ಪ್ರಶ್ನೆ: ಮೇಡಂ, ಈಗ ಓಡ್ತದೇನ್ರಿ?

ಓಡ್ತದರಿ. ಆದರೆ ಒಂದು ಹಲ್ಲಿಗೆ ನಾನು ಸಡಿಲ ಸುತ್ತಿದ್ದೀನಿ, ಅದಕ್ಕ ಶುರುವಿಗೆ ಸ್ವಲ್ಪ ಕೈಯಿಂದ ನೂಕಬೇಕು. ಚಾದರ ತೆಗೆದು ಕೆಳಗೆ ಪೇಪರು ಹಾಸಿದ್ದೀವಿ.